ಕಾಲು ಚಾಚುವಷ್ಟು ಜಾಗ

“ಎಡಗಾಲು ಮಡಚಮ್ಮ. ಅದರ ಮೇಲೆ ಬಲಗಾಲು. ಬಿರ್ರನೆ ಆಗ್ಲಿ, ಮೈ ಗಡುಸಾದ್ರೆ ಆಮೇಲೆ ಬಗ್ಗಲ್ಲ,” ಎಂದ ದೊಡ್ಡವೆಂಕಟಪ್ಪ.

ಶ್ಯಾಮಲಾ ಅತ್ತೆಯ ಪಾದಗಳನ್ನು ಹಿಡಿದುಕೊಂಡು ಹಾಗೇ ಕೂತಿದ್ದಳು. ಪಾದ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ಸಗಣಿ ಒಣಗಿ ಕೂತಿತ್ತು. ಬೆಳಿಗ್ಗೆ ಹಾಲು ಕರೆಯಲು ಕೊಟ್ಟಿಗೆಗೆ ಹೋದ ಕದಿರಮ್ಮ ಹಸುವಿನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದಳು. ಮಗ ನಾಗೇಶ್ ಎತ್ತಿ ತಂದು ನಡುಮನೆಯ ಚಾಪೆಯ ಮೇಲೆ ಮಲಗಿಸುವ ಹೊತ್ತಿಗೆ ಉಸಿರು ನಿಂತಿತ್ತು. ಆಗ ಶ್ಯಾಮಲಾಳೇ ಅವಳ ಕಾಲುಗಳನ್ನು ನೀಟಾಗಿ ಚಾಚಿ, ಸೀರೆ ಸರಿಮಾಡಿದ್ದಳು. ಈ ಮನೆಗೆ ಸೊಸೆಯಾಗಿ ಬಂದಮೇಲೆ ಅತ್ತೆ ಅಂಗಾತ ಮಲಗಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ನೋಡುತ್ತ ಕೂರಲು ಹೆಚ್ಚು ಹೊತ್ತು ಸಿಕ್ಕಲಿಲ್ಲ. ಕದಿರಮ್ಮನ ಗಂಡನ ಅಣ್ಣ ದೊಡ್ಡವೆಂಕಟಪ್ಪ ಓಡಿ ಬಂದ. ಊರ ಗಂಗಮ್ಮನ ಗುಡಿಗೆ ಅವನೇ ಯಜಮಾನ. ಬಾಗಿಲಲ್ಲಿ ನಿಂತು ಟವೆಲಿನಿಂದ ಕಣ್ಣು ಒರೆಸಿಕೊಂಡ. ಒರೆಸಿಕೊಂಡವನೇ ಕೆಲಸ ಹೇಳಲು ಶುರುಮಾಡಿದ.

“ಗಂಗಮ್ಮ ಮೈಮೇಲೆ ಬತ್ತಿದ್ದ ಎಂಗಸು. ಎಲ್ಲಾರಂಗೆ ಮಲಗ್ಸಿ ಮಣ್ಣು ಮಾಡಕ್ಕಾಗಲ್ಲ. ಕೂರ್ಸೇ ಮಾಡ್ಬೇಕು. ಗುಡಿ ಪಕ್ಕದ ಒಲದಲ್ಲಿ ಗುಂಡಿ ತೋಡಿ ಅಂತ ಉಡುಗ್ರಿಗೆ ಏಳಿವ್ನಿ. ಮುಂದಕ್ಕೆ ಒಂದು ಗದ್ದುಗೆ ಕಟ್ಟೋಣ. ನಡೀರಿ, ಕೂರ್ಸಿ.”

“ದೊಡ್ಡಮಾವ...” ಎಂದಳು ಶ್ಯಾಮಲಾ.

ಆ ದನಿ ಅವಳ ಬಾಯಿಂದ ಅವಳ ಕಿವಿಯವರೆಗೆ ಮಾತ್ರ ಹೋಯಿತು. ಎದುರಿಗೆ ತಾಯಿಯ ತಲೆ ಹಿಡಿದುಕೊಂಡಿದ್ದ ನಾಗೇಶ್ ಒಮ್ಮೆ ಅವಳತ್ತ ನೋಡಿದ. ಅವನ ಕಣ್ಣು ಕೆಂಪಗಿತ್ತು. ಈಗ ಏನೂ ಬೇಡ ಎನ್ನುವಂತೆ ತಲೆಯಾಡಿಸಿದ. ಅವಳು ಎಡಗಾಲು ಮಡಚಿದಳು. ಅದರ ಮೇಲೆ ಬಲಗಾಲು ಮಡಚಿದಳು.

ಕದಿರಮ್ಮನನ್ನು ಎತ್ತಿ ನಡುಮನೆಯ ಕಂಬಕ್ಕೆ ಒರಗಿಸಿದರು. ಜಾರದಂತೆ ಹಳೆಯ ಸೀರೆಯ ತುಂಡಿನಿಂದ ಎದೆಯ ಕೆಳಗೆ ಒಂದು ಸುತ್ತು, ಹಣೆಯ ಮೇಲೆ ಒಂದು ಸುತ್ತು ಬಿಗಿದರು. ಮುಖಕ್ಕೆ ಅರಿಸಿನ ಬಳಿದು, ಹಣೆಗೆ ರೂಪಾಯಿ ಅಗಲದ ಕುಂಕುಮ ಇಟ್ಟರು. ಹಸಿರು ರೇಷ್ಮೆ ಸೀರೆ ಹೊದಿಸಿದರು. ಗಂಡ ಮುನಿಸ್ವಾಮಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ಆದರೂ ಮಂಗಳವಾರ, ಶುಕ್ರವಾರ ಗುಡಿಯ ಮುಂದೆ ಕೂರುವಾಗ ಅವಳು ಕುಂಕುಮ ಇಡಬೇಕಾಗಿತ್ತು. ಮನೆಗೆ ಬಂದವಳೇ ಸೀರೆಯ ಸೆರಗಿನಿಂದ ಅದನ್ನು ಒರೆಸಿಬಿಡುತ್ತಿದ್ದಳು.

ಈಗ ಒರೆಸಿಕೊಳ್ಳುವವರು ಯಾರೂ ಇರಲಿಲ್ಲ.

*

ಅದು ನಾಗೇಶ್ ಏಳನೇ ಕ್ಲಾಸಿನಲ್ಲಿದ್ದ ವರ್ಷ. ಕದಿರಮ್ಮನ ಬಲಗಿವಿಯೊಳಗೆ ಬೆಂಕಿ ಇಟ್ಟಂತೆ ಉರಿ ಎದ್ದಿತು. ಮಾರನೆಯ ದಿನ ಕಿವಿಯ ಹಾಲೆಯಲ್ಲಿ, ಕತ್ತಿನ ಪಕ್ಕದಲ್ಲಿ ನೀರುಗುಳ್ಳೆಗಳು. ನೋಡಿದವರೆಲ್ಲ ಸರ್ಪಸುತ್ತು ಎಂದರು. ಅವಳ ಗೆಳತಿ ಪಾಪಕ್ಕ ಕಾಮಸಮುದ್ರದವರೆಗೆ ನಡೆಸಿಕೊಂಡು ಹೋಗಿ ಬಸ್ಸು ಹತ್ತಿಸಿ, ಆಂಡರ್ಸನ್‌ಪೇಟೆಯ ಒಬ್ಬ ಮುದುಕನ ಹತ್ತಿರ ಕರೆದುಕೊಂಡು ಹೋದಳು. ಸರ್ಪಸುತ್ತಿಗೆ ಕೆಮ್ಮಣ್ಣಿನಲ್ಲಿ ಬರೆಯುವುದು ಅವನ ಅಪ್ಪನ ಕಾಲದಿಂದ ಬಂದ ವಿದ್ಯೆ. ಆ ಮುದುಕ ಕಡ್ಡಿಗೆ ಹತ್ತಿ ಸುತ್ತಿ, ಕೆಮ್ಮಣ್ಣಿನಲ್ಲಿ ಅದ್ದಿ, ಕಿವಿಯ ಸುತ್ತ ಒಂದು ಹಾವು, ಕತ್ತಿನ ಮೇಲೆ ಒಂದು ಹಾವು ಬರೆದ. “ಬಯಪ್ಪಡಾದೆಮ್ಮಾ,” ಎಂದು ತಮಿಳಿನಲ್ಲಿ ಧೈರ್ಯ ಹೇಳಿದ. ನೀರು ತಾಕಿಸಬೇಡ, ಸೂಜಿ ಚುಚ್ಚಿಸಬೇಡ, ಚುಚ್ಚಿಸಿದರೆ ಸರ್ಪ ಸಿಟ್ಟಾಗುತ್ತದೆ ಎಂದ. ಪಾಪಕ್ಕ ಆ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಿದಳು. ಗೆಳತಿಗೆ ಇಂಜೆಕ್ಷನ್ ಕೊಡಿಸೋಣ ಎಂದ ಮುನಿಸ್ವಾಮಪ್ಪನನ್ನು ಬೈದು ಓಡಿಸಿದಳು.

ಗುಳ್ಳೆ ಒಣಗಿದವು. ಗುಳ್ಳೆಯ ಜೊತೆಗೆ ಒಂದು ಕಡೆಗೆ ಎಳೆದುಕೊಂಡಿದ್ದ ಬಾಯಿಯೂ ನಿಧಾನಕ್ಕೆ ನೆಟ್ಟಗಾಯಿತು. ಬಲಗಿವಿ ಮಾತ್ರ ಮುಚ್ಚಿಹೋಯಿತು. ಅದಕ್ಕಿಂತ ಹೆಚ್ಚಾಗಿ ನೆಲ ಅವಳ ಕಾಲಿನ ಕೆಳಗೆ ನಿಲ್ಲದಾಯಿತು. ಮಲಗಿದರೆ ಸೂರು ಗಿರಗಿರನೆ ತಿರುಗುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. ಗೋಡೆಗೆ ಒರಗಿ ಕೂತು ನಿದ್ದೆ ಮಾಡುವುದನ್ನು ಕಲಿತಳು. ರಕ್ತ ಇಲ್ಲ, ಸರಿಯಾಗಿ ಉಣ್ಣು ಎಂದರು ಎಲ್ಲರೂ.

ಅದೇ ವರ್ಷ ಗಂಗಮ್ಮನ ದೀಪಕ್ಕೆ ಮನೆಮನೆಯಿಂದ ಹೆಂಗಸರು ತಂಬಿಟ್ಟಿನ ದೀಪ ತಲೆಯ ಮೇಲೆ ಹೊತ್ತು ಹೊರಟರು. ಸಂಜೆಯ ಮಬ್ಬು. ಕಣ್ಣಿಗೆ ಹಿಡಿದುಕೊಳ್ಳಲು ಒಂದು ಗೋಡೆ, ಒಂದು ಮರ ಕಾಣಿಸದಿದ್ದರೆ ಕದಿರಮ್ಮ ನಿಲ್ಲಲಾರಳು. ಅದು ಆಗ ಅವಳಿಗೂ ಗೊತ್ತಿರಲಿಲ್ಲ. ತಮಟೆ ಏರಿತು. ಗುಡಿಯ ಮುಂದಿನ ಬಯಲಿಗೆ ಬಂದಾಗ ಅವಳು ಎಡಕ್ಕೆ ತೂಗಿದಳು, ಬಲಕ್ಕೆ ತೂಗಿದಳು. ದೀಪದ ತಟ್ಟೆ ಜಾರಿ ಮಣ್ಣಿಗೆ ಬಿತ್ತು.

ತಮಟೆ ನಿಂತಿತು. ಹಿಂದೊಂದು ಸಲ ದೀಪ ಬೀಳಿಸಿದವಳನ್ನು ಊರು ಗುಡಿಯ ಮೆಟ್ಟಿಲು ಹತ್ತಿಸಿರಲಿಲ್ಲ. ಯಾರ ಮನೆಯ ದನ ಸತ್ತರೂ, ಯಾರ ಮಗುವಿಗೆ ಜ್ವರ ಬಂದರೂ ಅವಳ ಹೆಸರೇ. ಕೊನೆಗೆ ಅವಳು ಸಂಸಾರ ಕಟ್ಟಿಕೊಂಡು ಊರು ಬಿಟ್ಟಿದ್ದಳು. ಅದನ್ನು ಕಂಡಿದ್ದ ಪಾಪಕ್ಕ ಹಿಂದಿನಿಂದ ಓಡಿ ಬಂದು, ಬೀಳುತ್ತಿದ್ದ ಗೆಳತಿಯ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು, ಗಂಟಲು ಹರಿಯುವಂತೆ ಕೂಗಿದಳು.

“ಗಂಗಮ್ಮ ಬಂದವ್ಳೆ! ನೋಡ್ರೋ, ಕದ್ರಿ ಮೈಮೇಲೆ ಗಂಗಮ್ಮ ಬಂದವ್ಳೆ! ನೀರು ತರ‍್ರೋ!”

ಊರು ಕೈಮುಗಿಯಿತು. ಆಮೇಲೆ ಯಾವ ಹಬ್ಬದಲ್ಲೂ ತಮಟೆಯ ಮುಂದೆ ಅವಳನ್ನು ನಿಲ್ಲಿಸದೆ ಬಿಡಲಿಲ್ಲ. ನಿಲ್ಲಿಸಿದಾಗಲೆಲ್ಲ ಅವಳು ತೂಗುತ್ತಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಬಂಗಾರಪೇಟೆಯಿಂದ ನಾಗೇಶ್ ಜೊತೆ ಮಾರ್ಕೆಟ್ಟಿನಲ್ಲಿ ಲಗೇಜ್ ಆಟೋ ಓಡಿಸುವವರು ಬಂದರು. ಪಕ್ಕದ ಊರುಗಳಿಂದ ಹೂವು, ತೆಂಗಿನಕಾಯಿ ಹಿಡಿದು ಹೆಂಗಸರು ಬಂದರು. ಒಬ್ಬೊಬ್ಬರೂ ಕಂಬದ ಹತ್ತಿರ ಹೋಗಿ, ಬಗ್ಗಿ, ಹೆಣದ ಬಲಗಿವಿಯಲ್ಲಿ ತಮ್ಮ ಕಷ್ಟವನ್ನು ಕೊನೆಯ ಸಲ ಹೇಳಿಕೊಂಡು ಹೊರಬರುತ್ತಿದ್ದರು. ಎಡಕ್ಕೆ ಕಂಬದ ಪಕ್ಕದ ಒರಳು ಅಡ್ಡವಾಗಿದ್ದುದರಿಂದ ಆ ಕಡೆಗೆ ಯಾರೂ ಹೋಗುತ್ತಿರಲಿಲ್ಲ. ಶ್ಯಾಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ನನ್ ಎಮ್ಮೆ ಕಳ್ದೋದಾಗ ಕೆರೆ ಕಡೆ ಓಗು ಅಂದ್ಲು ತಾಯಿ. ಓದೆ. ಕೆರೆ ಅಂಗಳದಲ್ಲೇ ನಿಂತಿತ್ತು,” ಎಂದಳು ವರಲಕ್ಷ್ಮಮ್ಮ ಎಂಬಾಕೆ, ಮೂಗು ಒರೆಸಿಕೊಳ್ಳುತ್ತ.

“ಎಮ್ಮೆ ಕೆರೆ ಕಡೆ ಓಗ್ದೆ ಇನ್ನೆಲ್ಲಿಗೆ ಓಯ್ತದೆ, ರೈಲು ಅತ್ತಿ ಬೆಂಗಳೂರಿಗೆ ಓಯ್ತದಾ?” ಎಂದಿತು ಜಗುಲಿಯ ಕೊನೆಯಿಂದ ಒಂದು ಮುದಿ ದನಿ.

ಪಾಪಕ್ಕ. ಬಂದು ಬಹಳ ಹೊತ್ತಾಗಿತ್ತು. ಒಳಗೆ ಹೋಗಿರಲಿಲ್ಲ. ಎಲೆಅಡಿಕೆ ಮಡಿಸಿ ಕೈಯಲ್ಲೇ ಇಟ್ಟುಕೊಂಡಿದ್ದಳು, ಬಾಯಿಗೆ ಹಾಕಿರಲಿಲ್ಲ.

“ಏನ್ ಪಾಪಕ್ಕ, ಎಣದ ಮುಂದೇನೂ ನಿನ್ ಕೊಂಕು ಬಿಡಲ್ವಾ?”

“ಎಣ ಬೈಕಂಡ್ರೆ ಬೈಕಳ್ಳಿ ಬಿಡು. ಎಷ್ಟು ವರ್ಷಾಯ್ತು ಅವ್ಳ ಬಾಯಲ್ಲಿ ಬೈಸ್ಕಂಡು.”

ಹೆಂಗಸರು ನಗಬೇಕೋ ಬೇಡವೋ ತಿಳಿಯದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಶ್ಯಾಮಲಾ ಅವಳಿಗೊಂದು ಲೋಟ ಕಾಫಿ ತಂದಳು. ಪಾಪಕ್ಕ ಲೋಟ ಹಿಡಿದು, ಒಳಗೆ ಕಂಬದ ಕಡೆ ಕತ್ತು ಚಾಚಿ ನೋಡಿದಳು.

“ಅದ್ಯಾಕಮ್ಮ ಅಂಗೆ ಕಟ್ಟಾಕವ್ರೆ, ಕಳ್ಳನ್ನ ಕಟ್ಟಾಕ್ದಂಗೆ? ಅವ್ಳಿಗೆ ಸತ್ತ ಮೇಲಾದ್ರೂ...” ಎಂದು ಅರ್ಧಕ್ಕೆ ನಿಲ್ಲಿಸಿದಳು. “ಅವ್ಳು ನಿಂಜೊತೆ ಏನಾರ ಮಾತಾಡ್ತಿದ್ಲಾ? ಮನೇಲಿ? ಎಲ್ಲಾರಂಗೆ?”

ಶ್ಯಾಮಲಾ ಅಲ್ಲೇ ಕೂತಳು.

*

ಮಾತಾಡುತ್ತಿದ್ದಳು. ಶ್ಯಾಮಲಾ ಆಂಡರ್ಸನ್‌ಪೇಟೆಯ ಹುಡುಗಿ. ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಹೆಚ್ಚು ಮಾತಿಲ್ಲದವಳಾದ್ದರಿಂದ ನೋಡುವುದು ಅವಳ ಅಭ್ಯಾಸ. ಮದುವೆಯಾಗಿ ಬಂದ ಹೊಸದರಲ್ಲೇ ಅವಳು ಕಂಡಿದ್ದಳು: ಅತ್ತೆ ಮುಖಕ್ಕೆ ಸೋಪು ಹಚ್ಚಿದಾಗ ಕಣ್ಣು ಮುಚ್ಚುವುದಿಲ್ಲ. ಉರಿಯಿಂದ ನೀರು ಸುರಿದರೂ ಒಂದು ಕಣ್ಣು ತೆರೆದುಕೊಂಡೇ ಗೋಡೆಯನ್ನು ನೋಡುತ್ತಿರುತ್ತಾಳೆ. ಕರೆಂಟು ಹೋದರೆ ನಿಂತಲ್ಲೇ ಕೂತುಬಿಡುತ್ತಾಳೆ. ತಮಟೆಯೇ ಇಲ್ಲದ ಕಡೆ, ಬರಿಯ ಕೊಟ್ಟಿಗೆಯಲ್ಲಿ, ತಲೆ ತಿರುಗಿಸಿದರೂ ಸಾಕು, ತೂಗುತ್ತಾಳೆ.

“ಅತ್ತೆ, ಇದು ದೇವ್ರಲ್ಲ ಅನ್ಸತ್ತೆ,” ಎಂದಿದ್ದಳು ಒಂದು ದಿನ, ಅತ್ತೆಯ ಎಡಗಿವಿಯ ಹತ್ತಿರ ಬಗ್ಗಿ.

ಕದಿರಮ್ಮ ಹಸುವಿನ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. “ನಂಗೂ ಅಂಗೇ ಅನ್ನಿಸ್ತದೆ ಕಣಮ್ಮ,” ಎಂದಳು. “ಯಾರ್ಗೂ ಏಳ್ಬ್ಯಾಡ.”

ಹಲ್ಲುನೋವಿಗೆ ಎಂದು ಮನೆಯಲ್ಲಿ ಹೇಳಿ ಇಬ್ಬರೂ ಬಂಗಾರಪೇಟೆಗೆ ಹೋದರು. ಕಿವಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅತ್ತೆಯನ್ನು ನಿಲ್ಲಿಸಿ ಕಣ್ಣು ಮುಚ್ಚಿಸಿದಳು, ಬೀಳುವ ಮೊದಲೇ ಹಿಡಿದುಕೊಂಡಳು. ಕಿವಿಗೆ ಮಿಷನ್ನು ಹಾಕಿ ನೋಡಿದಳು. ಎಲ್ಲ ಕೇಳಿದ ಮೇಲೆ, “ಚಿಕ್ಕೋರಿದ್ದಾಗ ನಿಮಗೆ ಅಮ್ಮ ಆಗಿತ್ತಾ, ಮೈತುಂಬಾ ಗುಳ್ಳೆ ಎದ್ದು?” ಎಂದಳು.

“ಆಗಿತ್ತು.”

“ಆ ವೈರಸ್ಸು ಹೋಗಿರಲ್ಲ ಅಮ್ಮ. ನರದೊಳಗೆ ಸುಮ್ಮನೆ ಮಲಗಿರುತ್ತೆ. ವಯಸ್ಸಾದ ಮೇಲೆ ಯಾವಾಗಲೋ ಎದ್ದರೆ ಅದೇ ಸರ್ಪಸುತ್ತು. ನಿಮಗೆ ಕಿವಿಯ ನರದಲ್ಲಿ ಎದ್ದಿದೆ. ಕೇಳೋ ನರ, ಮೈ ತೂಕ ಹಿಡಿದು ನೆಟ್ಟಗೆ ನಿಲ್ಲಿಸೋ ನರ, ಎರಡನ್ನೂ ತಿಂದುಬಿಟ್ಟಿದೆ.”

“ವಾಸಿ ಆಗತ್ತಾ ಮೇಡಂ?” ಎಂದಳು ಶ್ಯಾಮಲಾ.

“ಗುಳ್ಳೆ ಎದ್ದ ತಕ್ಷಣ ಬಂದಿದ್ದರೆ ಮಾತ್ರೆ ಕೊಡಬಹುದಿತ್ತು. ಪೂರ್ತಿ ಉಳಿಯುತ್ತಿತ್ತು ಅಂತ ಹೇಳಲಾರೆ, ಸ್ವಲ್ಪವಾದರೂ ಉಳೀತಿತ್ತೇನೋ. ಈಗ ಕಿವಿ ಬರಲ್ಲ. ತೂಕ ಹಿಡಿಯೋದನ್ನ ಮಾತ್ರ ಮೈಗೆ ಮತ್ತೆ ಕಲಿಸಬಹುದು.”

ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಇಬ್ಬರೂ ಬೋಂಡ ತಿಂದರು. ಕದಿರಮ್ಮ ಇದ್ದಕ್ಕಿದ್ದಂತೆ ನಗಲು ಶುರುಮಾಡಿದಳು.

“ಊರೋರು ಏಳೋದ್ರಲ್ಲಿ ಅರ್ಧ ನಿಜಾನೇ ಬಿಡು. ಅಮ್ಮ ನನ್ ಕಿವಿಯಾಗೇ ಕುಂತಿದ್ಲಂತಲ್ಲ!”

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನೀರು ನಿಲ್ಲಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ನಾನೂ ಪಾಪಿನೂ ಒಂದೇ ತಟ್ಟೆಲಿ ಉಂಡೋರು,” ಎಂದಳು ಆಮೇಲೆ. “ಅವತ್ತು ಅವ್ಳು ಕೂಗ್ದೆ ಇದ್ದಿದ್ರೆ ಊರು ನನ್ನ ಉಳಿಸ್ತಿರಲಿಲ್ಲ. ಉಳಿಸಿದ್ಲು. ಮಾರನೆ ದಿನದಿಂದ ಅವ್ಳೂ ನಂಗೆ ಕೈಮುಗಿಯಕ್ಕೆ ಶುರುಮಾಡಿದ್ಲು, ಎಲ್ಲಾರ ಎದುರಿಗೆ. ಕೈಮುಗಿದು ಕೈಮುಗಿದು ಅವ್ಳಿಗೂ ನಂಬಿಕೆ ಬಂದ್ಬಿಡ್ತೋ ಏನೋ. ಮನೆಗೆ ಬರೋದೇ ಬಿಟ್ಲು. ಜಗಳ ಆಡೋರಿಲ್ಲ ಕಣಮ್ಮ ನಂಜೊತೆ. ಯಾರೂ ಒಂದು ಬೈಗುಳ ಬೈಯಲ್ಲ. ಕದ್ರಿ ಅಂತ ಕರೆಯೋರಿಲ್ಲ.”

ಡಾಕ್ಟರು ಕಲಿಸಿದ್ದನ್ನು ಅವರು ಕೊಟ್ಟಿಗೆಯಲ್ಲಿ ಮಾಡುತ್ತಿದ್ದರು, ಬಾಗಿಲು ಮುಂದೆ ಮಾಡಿಕೊಂಡು. ನಿಂತು ತಲೆ ತಿರುಗಿಸುವುದು. ಗೆರೆಯ ಮೇಲೆ ನಡೆಯುವುದು. ಕೂತಲ್ಲಿಂದ ನಿಧಾನಕ್ಕೆ ಪಕ್ಕಕ್ಕೆ ಒರಗುವುದು. ಶ್ಯಾಮಲಾಳ ತೋಳು ಹಿಡಿದು, ಹುಲ್ಲಿನ ಹೊರೆಗೆ ಬೆನ್ನು ಕೊಟ್ಟು, ದಿನಕ್ಕಿಷ್ಟು ದಿನಕ್ಕಿಷ್ಟು ಕೆಳಗೆ ಜಾರುತ್ತಿದ್ದಳು ಕದಿರಮ್ಮ. ಅರ್ಧ ಮಲಗುವವರೆಗೆ ಬಂದಿದ್ದಳು.

“ಒಂದಿನ ಎಲ್ಲಾರಂಗೆ ಕಾಲು ಚಾಚ್ಕೊಂಡು, ಅಂಗಾತ ಮಲಗ್ಬೇಕು. ಸೂರು ನಿಂತಲ್ಲೇ ನಿಂತಿರ್ಬೇಕು. ಅಷ್ಟೇ ನಂಗೆ ಬೇಕಾಗಿರೋದು,” ಎನ್ನುತ್ತಿದ್ದಳು.

ನಾಗೇಶನಿಗೆ ಗೊತ್ತಾದಾಗ ಅವನು ಕೂಗಾಡಲಿಲ್ಲ. ಬಾಗಿಲ ಹತ್ತಿರ ನಿಂತು, “ಏನಾರ ಮಾಡ್ಕಳಿ. ಊರೋರ ಮುಂದೆ ಮಾತ್ರ ಬ್ಯಾಡ. ಇಷ್ಟು ದಿನ ಮೋಸ ಮಾಡಿದ್ರಾ ಅಂತ ಕೇಳ್ತಾರೆ,” ಎಂದು ಹೊರಟುಹೋದ.

*

ಇಷ್ಟನ್ನೂ ಶ್ಯಾಮಲಾ ಜಗುಲಿಯ ಕೊನೆಯಲ್ಲಿ ಪಿಸುದನಿಯಲ್ಲಿ ಹೇಳಿದಳು. ಕಾಫಿ ಲೋಟದಲ್ಲಿ ಕೆನೆ ಕಟ್ಟಿತ್ತು. ಪಾಪಕ್ಕ ಎಲೆಅಡಿಕೆಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು.

“ಸೂಜಿ ಚುಚ್ಚಿಸ್ಬ್ಯಾಡ ಅಂದೋಳು ನಾನು,” ಎಂದಳು.

ಒಳಗೆ ದೊಡ್ಡವೆಂಕಟಪ್ಪ ಕುರ್ಚಿ ತರಿಸಿದ್ದ. ಕೂರಿಸಿದಂತೆಯೇ ಹೊತ್ತುಕೊಂಡು ಹೋಗಲು ಕುರ್ಚಿಯ ಕಾಲುಗಳಿಗೆ ಬಿದಿರು ಕಟ್ಟುತ್ತಿದ್ದರು. ಶ್ಯಾಮಲಾ ಎದ್ದಳು. ಗಂಡಸರ ನಡುವೆ ಹೋಗಿ ನಿಂತಳು. ತಲೆಯ ಮೇಲೆ ಸೆರಗು ಇದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

“ದೊಡ್ಡಮಾವ, ಅತ್ತೆನ ಮಲಗ್ಸಿ,” ಎಂದಳು. ಈ ಸಲ ಎಲ್ಲರಿಗೂ ಕೇಳಿಸಿತು.

“ಏನಂದೆ?”

“ಅತ್ತೆಗೆ ಮಲಗ್ಬೇಕು ಅಂತ ಆಸೆ ಇತ್ತು. ಅವ್ರಿಗೆ ಕಿವಿ ನರ ಓಗಿತ್ತು, ಅದಕ್ಕೇ ತೂಗ್ತಿದ್ರು. ಅದಕ್ಕೇ ಮಲಗ್ತಿರಲಿಲ್ಲ. ಡಾಕ್ಟ್ರು ಏಳಿದ್ರು.”

“ತಲೆಗಿಲೆ ಕೆಟ್ಟೈತಾ ಈ ಉಡುಗೀಗೆ? ನಾಗೇಶ, ಏನ್ಲಾ ಇದು?”

ನಾಗೇಶ್ ಬಿದಿರು ಹಿಡಿದು ನಿಂತಿದ್ದ. ಅವನು ಬಾಯಿ ಬಿಡುವ ಮೊದಲೇ ಪಾಪಕ್ಕ ಹೊಸ್ತಿಲು ದಾಟಿ ಒಳಗೆ ಬಂದಳು.

“ಅವ್ಳನ್ನ ಯಾಕ್ ಬೈತೀಯ ಯಂಕಟಪ್ಪ? ಗಂಗಮ್ಮ ಬಂದವ್ಳೆ ಅಂತ ಕೂಗ್ದೋಳು ನಾನು. ದೀಪ ಬಿತ್ತು ಅಂದಿದ್ರೆ ನೀನು ಸುಮ್ನಿರ್ತಿದ್ದಾ? ನಿಮ್ಮಪ್ಪನ ಕಾಲದಲ್ಲಿ ಆ ಎಂಗಸಿಗೆ ಮಾಡಿದ್ದು ನಾನು ನೋಡಿರಲಿಲ್ವಾ?”

ಹೊರಗಿನಿಂದ ಹೆಂಗಸರು ಬಾಗಿಲಿಗೆ ಬಂದು ನಿಂತರು.

“ನಿಜ ದೊಡ್ಡಪ್ಪ,” ಎಂದ ನಾಗೇಶ್, ಬಿದಿರನ್ನು ನೆಲಕ್ಕಿಟ್ಟು. “ನಂಗೂ ಗೊತ್ತಿತ್ತು. ಮಲಗ್ಸೋಣ.”

ದೊಡ್ಡವೆಂಕಟಪ್ಪ ಗೋಡೆ ಹಿಡಿದು ಕೆಳಗೆ ಕೂತ. ಅವನು ಸಿಟ್ಟಾಗುತ್ತಾನೆ ಎಂದು ಎಲ್ಲರೂ ಕಾದರು. ಅವನು ತಮ್ಮನ ಹೆಂಡತಿಯ ಅರಿಸಿನದ ಮುಖವನ್ನು, ಹಣೆಗೆ ಬಿಗಿದ ಬಟ್ಟೆಯನ್ನು ನೋಡುತ್ತಿದ್ದ.

“ಬೆಳಿಗ್ಗೆ ಒಂದು ಮಾತು ಏಳ್ಬಾರ್ದಾಗಿತ್ತೇನಮ್ಮ?” ಎಂದ ಶ್ಯಾಮಲಾಳಿಗೆ. “ನಾನೇನು ಬ್ಯಾಡ ಅಂತಿದ್ನಾ? ಎಂಗೆ ಮಲಗಿದ್ಲು, ನೀಟಾಗಿ.”

ಕಟ್ಟು ಬಿಚ್ಚಿ ಚಾಪೆಯ ಮೇಲೆ ಇಳಿಸಿದರು. ಬೆನ್ನು ಚಾಪೆಗೆ ತಾಕಿತು, ಕಾಲು ತಾಕಲಿಲ್ಲ. ಮಡಚಿದ ಕಾಲುಗಳು ಮಡಚಿದಂತೆಯೇ ಮೇಲೆ ನಿಂತವು. ಪಾಪಕ್ಕ ಬಿಸಿನೀರು ತರಿಸಿ ಬಟ್ಟೆ ಅದ್ದಿ ಮಂಡಿಗಳಿಗೆ ಒತ್ತಿದಳು, ಹರಳೆಣ್ಣೆ ಹಚ್ಚಿ ಉಜ್ಜಿದಳು. ಆಟೋದವರಲ್ಲಿ ಒಬ್ಬ, “ಸ್ವಲ್ಪ ಜೋರಾಗಿ ಅದುಮಿದ್ರೆ ಇಳೀತದೆ ಬಿಡಿ,” ಎಂದು ಮಂಡಿಯ ಮೇಲೆ ಅಂಗೈ ಊರಿದ. ಒಳಗೆಲ್ಲೋ ಕಟಕ್ಕೆಂದಿತು.

“ಬ್ಯಾಡ,” ಎಂದು ಶ್ಯಾಮಲಾ ಅವನ ಕೈ ಹಿಡಿದುಕೊಂಡಳು. “ಬ್ಯಾಡಣ್ಣ. ಬಿಡಿ.”

*

ಗುಡಿಯ ಪಕ್ಕದ ಹೊಲದಲ್ಲಿ ಗುಂಡಿಯನ್ನು ಕೂರಿಸುವ ಅಳತೆಗೆ ತೋಡಿದ್ದರು. ಆಳವಾಗಿ, ಇಕ್ಕಟ್ಟಾಗಿ. ಚಾಪೆಯನ್ನು ಅಂಚಿನಲ್ಲಿ ಇಳಿಸಿ, ಹುಡುಗರು ಮತ್ತೆ ಒಳಗೆ ಇಳಿದು ಉದ್ದಕ್ಕೆ ಅಗೆದರು. ಗಟ್ಟಿ ನೆಲ. ಹಾರೆ ಬಿದ್ದ ಕಡೆ ಬೆಣಚುಕಲ್ಲು ಕಿಡಿ ಹಾರಿಸುತ್ತಿತ್ತು. ತಮಟೆಯವರು ಬಂದಿದ್ದರು. ಬಾರಿಸಬೇಕೋ ಬೇಡವೋ ಎಂದು ದೊಡ್ಡವೆಂಕಟಪ್ಪನ ಮುಖ ನೋಡಿದರು. ಅವನು ಕೈಯಲ್ಲೇ ಬೇಡ ಎಂದ.

ಶ್ಯಾಮಲಾ ಸೆರಗು ಒದ್ದೆ ಮಾಡಿಕೊಂಡು ಅತ್ತೆಯ ಹಣೆಯ ಕುಂಕುಮವನ್ನು ಒರೆಸಿದಳು. ಯಾರೂ ತಡೆಯಲಿಲ್ಲ.

ಇಳಿಸಿದರು. ತಲೆ ನೆಟ್ಟಗಿತ್ತು. ಬೆನ್ನು ನೆಲಕ್ಕಿತ್ತು. ಪಾಪಕ್ಕ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಳಗೆ ಬಗ್ಗಿದಳು.

“ಸಾಕೇನೇ ಜಾಗ, ಕದ್ರಿ? ಇನ್ನೂ ಬೇಕಂದ್ರೆ ಬಾಯ್ಬಿಟ್ಟು ಏಳು. ಜೀವಮಾನೆಲ್ಲ ಬಾಯ್ ಮುಚ್ಕೊಂಡೇ ಇದ್ಬಿಟ್ಟೆ, ಮುಂಡೆ.”

ನಾಗೇಶ್ ಮೊದಲ ಹಿಡಿ ಮಣ್ಣು ಹಾಕಿದ. ಪಾಪಕ್ಕ ಹಾಕಿದಳು. ಶ್ಯಾಮಲಾ ಹಾಕಿದಳು. ಹುಡುಗರು ಗುದ್ದಲಿ ಎತ್ತಿಕೊಂಡರು. ಮೊದಲು ಎದೆ ಮುಚ್ಚಿತು, ಆಮೇಲೆ ಕೈಗಳು, ಆಮೇಲೆ ಮುಖ. ಮೇಲಕ್ಕೆದ್ದ ಮಂಡಿಗಳ ಮೇಲೆ ಮಾತ್ರ ಮಣ್ಣು ನಿಲ್ಲಲಿಲ್ಲ. ಬಿದ್ದದ್ದು ಎರಡೂ ಕಡೆಗೆ ಜಾರುತ್ತಿತ್ತು. ಹುಡುಗರು ಅಲ್ಲಿಗೆ ನೇರವಾಗಿ ಎಸೆಯಲು ಅಂಜಿ, ಸುತ್ತಲಿಂದ ತುಂಬುತ್ತ ಬಂದರು. ಕೆಂಪು ಮಣ್ಣು ಏರುತ್ತಿದ್ದರೂ ಹಸಿರು ಸೀರೆಯ ಎರಡು ದಿಬ್ಬಗಳು ಬಹಳ ಹೊತ್ತು ಕಾಣಿಸುತ್ತಲೇ ಇದ್ದವು, ಹೊದ್ದು ಮಲಗಿದವರು ಇನ್ನೇನು ಕಾಲು ಚಾಚುತ್ತಾರೆ ಎನ್ನುವ ಹಾಗೆ.